ಗೆರೆಯಲ್ಲೊಂದು ತಗ್ಗು

ಮೊದಲು ಬಿಳಿ ಬಿಲ್ಲೆಗೆ ಬೆಳಕು ತೋರಿಸಬೇಕು.
ಇಗೋ, ಬಿಳಿಯೆಂದರೆ ಇಷ್ಟು
ಎಂದು ಯಂತ್ರವನ್ನು ಒಪ್ಪಿಸಿದ ಮೇಲೆಯೇ ಕಲ್ಲು.
ಬುಕ್ಕಾಪಟ್ಟಣದ ಗುಡ್ಡ, ಹನ್ನೊಂದರ ಬಿಸಿಲು.
ಬಿಲ್ಲೆಯ ಮೇಲೆ ಧೂಳು ಕೂರದ ಹಾಗೆ
ಟವೆಲು ಅಡ್ಡ ಹಿಡಿದು ಕ್ಯಾತಲಿಂಗಪ್ಪ,
ಅಷ್ಟು ದೂರದಲ್ಲಿ ಜಾಲಿಕಾಯಿ ಮೆಲ್ಲುತ್ತ
ಅವನ ಮೇಕೆಗಳು.

"ಚಿನ್ನ ಕಾಣ್ತದಾ ಮೇಡಂ ಇದ್ರಾಗೆ?"

ಇಲ್ಲ. ಟನ್ನಿಗೆ ಎರಡು ಗ್ರಾಮು,
ಈ ಬೆಳಕಿಗೆ ಅದರ ಗೊಡವೆಯೇ ಇಲ್ಲ.
ಕಾಣುವುದು, ಕಲ್ಲು ನುಂಗಿಕೊಂಡದ್ದು:
ಕೊಟ್ಟ ಬೆಳಕಿನಲ್ಲಿ ಹಿಂದಿರುಗಿಸದೆ
ಇಟ್ಟುಕೊಂಡ ಚೂರು.
ಅಲ್ಲಿ ಪರದೆಯ ಗೆರೆ ಕುಸಿಯುತ್ತದೆ.
ಎರಡು ಸಾವಿರದ ಇನ್ನೂರು ನ್ಯಾನೊಮೀಟರಿನಲ್ಲಾದರೆ ಬಿಳಿ ಅಭ್ರಕ,
ಇನ್ನೂ ಮುಂದೆ ಜೋಡಿ ತಗ್ಗಾದರೆ ಹಸಿರು ಕ್ಲೋರೈಟು.

"ಯಾವತ್ತೋ ಕುದಿನೀರು ಈ ಬಿರುಕಲ್ಲಿ ಹಾದುಹೋಯ್ತು,
ಹೋಗ್ತಾ ಆಚೀಚಿನ ಕಲ್ಲನ್ನೆಲ್ಲ ಬೇಯಿಸ್ತು.
ಆ ಬೆಂದದ್ದನ್ನ ಹುಡುಕ್ತೀನಿ" ಅಂದೆ.
"ಅಂಗಾದ್ರೆ ಚಿರತೆ ಅಲ್ಲ, ಹೆಜ್ಜೆ" ಅಂದ.
ಒಂದು ಚೂರನ್ನೆತ್ತಿ ಹಾ ಎಂದು ಉಸಿರೂದಿ, ಮೂಸಿ,
ನಾಲಿಗೆಗೆ ತಾಗಿಸಿ,
"ಇದು ಬೆಂದಿಲ್ಲ" ಎಂದು ಎಸೆದ.
ಹೆಕ್ಕಿ ತಂದು ನೋಡಿದೆ. ಗೆರೆಯೂ ಅದನ್ನೇ ಹೇಳಿತು,
ತುಸು ತಡವಾಗಿ.

ಮಧ್ಯಾಹ್ನ ಹಟ್ಟಿಯಲ್ಲಿ ಮಜ್ಜಿಗೆ.
ಅವನ ಹೆಂಡತಿ ಸಣ್ಣೀರಮ್ಮ ಗೋಡೆಗೆ ಸುದ್ದೆ ಬಳಿಯುತ್ತಿದ್ದಳು,
ಮೊಣಕೈಯವರೆಗೂ ಬಿಳುಪು.
ಬ್ಯಾಟರಿ ಉಳಿದಿತ್ತು. ಸುಮ್ಮನೆ, ತಮಾಷೆಗೆ,
ಒಣಗಿದ ಕಡೆ ಯಂತ್ರದ ಮೂತಿ ಒತ್ತಿದೆ.

ತಗ್ಗು.
ಬೆಳಗಿನಿಂದ ನಲವತ್ತೊಂದು ಕಲ್ಲಿನಲ್ಲಿ ಕಾಣದಷ್ಟು ಚೂಪು.
ಬಾವಿಗೆ ಬಿಟ್ಟ ಬಿಂದಿಗೆಯ ಹಾಗೆ
ಎರಡು ಸಾವಿರದ ಇನ್ನೂರರಲ್ಲಿ ನೆಟ್ಟಗೆ ಕೆಳಗೆ.

"ಮಣ್ಣು ಎಲ್ಲಿಯದಮ್ಮ?"
"ಕಳ್ಳಿಸಾಲಿನ ಹಿಂದೊಂದು ಗುಂಡಿ ಐತೆ. ನಮ್ಮತ್ತೆ, ಅವರತ್ತೆ,
ಎಲ್ಲಾ ಅಲ್ಲೇ ತಂದಿದ್ದು. ಬಂದ ಸೊಸೆಗೆ ಮೊದಲು
ಅದನ್ನೇ ತೋರ್ಸೋದು. ಬಸುರೀರು
ಒಂಚೂರು ಬಾಯಿಗೂ ಹಾಕ್ಕಂತಾರೆ."

ನನ್ನ ನಕ್ಷೆಯಲ್ಲಿ ಆ ಜಾಗ ಖಾಲಿ.
ಮಣ್ಣು ಮುಚ್ಚಿದೆ, ಬಂಡೆ ಕಾಣದು ಎಂದು
ಹಿಂದಿನವರು ಅಡ್ಡಗೀರು ಹಾಕಿ ಹೋದದ್ದು.
ಒಂದು ಚುಕ್ಕಿ ಇಟ್ಟರೆ ಸಾಕು,
ಬರುವ ವರ್ಷ ಕೊರೆಯುವ ಲಾರಿ, ತಂತಿಬೇಲಿ, ಕಾವಲಿನವನು,
ಮಂಕರಿ ಹೊತ್ತು ಬಂದ ಸೊಸೆಗೆ, ಯಾರಮ್ಮ ನೀನು.

ಯಂತ್ರ ಮಾದರಿಯ ಹೆಸರು ಕೇಳಿತು.
ಸಣ್ಣೀರಮ್ಮ, ಪಡುವಣ ಗೋಡೆ, ಎಂದು ಬರೆದೆ.
ಜಾಗ ಎಂಬ ಕಡೆ ಕಡ್ಡಿ ಮಿನುಗುತ್ತಿತ್ತು.
ಮಿನುಗಲಿ ಎಂದು ಬಿಟ್ಟೆ, ಈ ಹೊತ್ತಿಗೆ.

"ಏನಂತು ನಮ್ಮ ಗೋಡೆ? ಬಿಳೀನಾ?"
"ಬಿಳಿ. ನನ್ನ ಬಿಲ್ಲೆಗಿಂತ ಒಂಚೂರು ಕಮ್ಮಿ."
ಅವಳು ಬಿಲ್ಲೆಯನ್ನು ನೋಡಿದಳು,
ನನ್ನನ್ನು ನೋಡಿದಳು,
ಬಟ್ಟೆ ಅದ್ದಿ ಇನ್ನೊಂದು ಕೈ ಬಳಿಯತೊಡಗಿದಳು.