ಮೂರನೇ ಪಾಳಿ

ಒಸ್ತ್ರಾವಾದ ಕುಲುಮೆ ಆರುವ ಕೊನೆಯ ವಾರ
ಮೈಕು ಹಿಡಿದು ಒಳಹೊಕ್ಕೆವು.
ಉಗಿ ಸುತ್ತಿಗೆಯ ಬಡಿತಕ್ಕೆ ಗಿಟಾರು ಬಿಗಿದೆವು,
ಮೇಲೆ ಓಟಕರನ ಅರಚು.

ಪ್ರಾಗಿನ ಪತ್ರಿಕೆ ಕೊಟ್ಟದ್ದು ಐದಕ್ಕೆ ಎರಡು ನಕ್ಷತ್ರ:
"ತಾಳ ತಪ್ಪುತ್ತದೆ, ಪದೇ ಪದೇ, ಅದೇ ಜಾಗದಲ್ಲಿ."
ಬರ್ಲಿನ್ನಿನವರು ಅದನ್ನೇ ಹೊಗಳಿದರು,
ನಾಗರಿಕತೆಯ ಎದೆ ತಪ್ಪಿದ ಬಡಿತ ಅಂತೆಲ್ಲ.
ಮಾರಿದ್ದು ನೂರಾ ಹನ್ನೊಂದು.
ಉಳಿದವು ವೊಯ್ತೆಕನ ಗ್ಯಾರೇಜಿನಲ್ಲಿ,
ಚಳಿಗಾಲದ ಟೈರುಗಳ ಕೆಳಗೆ.

ಕ್ರೇನು ನಡೆಸುತ್ತಿದ್ದ ವ್ಲಾಸ್ತಾ ಅತ್ತೆಗೆ
ಕಿವಿ ಹೋಗಿ ಎಷ್ಟೋ ಕಾಲ.
ಸ್ಪೀಕರಿನ ಮೇಲೆ ಅಂಗೈ ಊರಿ ಕೂತಳು.
ಎರಡನೇ ಹಾಡಿಗೆ ಹುಬ್ಬು ಗಂಟಿಕ್ಕಿತು.
"ನಾಲ್ಕನೇ ಸುತ್ತಿಗೆ ಇದು," ಅಂದಳು.
"ಬೇರಿಂಗಿಗೆ ಇನ್ನೂ
ಯಾರೂ ಎಣ್ಣೆ ಬಿಟ್ಟಿಲ್ಲವೇನೋ?"