ಉದ್ರಿ ವಹಿ

ಐನೂರು ಪ್ರತಿ. ರಾಯಚೂರಿನ ತೀನ್ ಕಂದೀಲಿನ ಹಿಂದೆ
ಸಣ್ಣದೊಂದು ಪ್ರೆಸ್ಸಿನಲ್ಲಿ ಅಚ್ಚಾಗಿ
ಲಿಂಗಸುಗೂರು ಬಸ್ಸಿನ ಟಾಪಿನ ಮೇಲೆ
ಈರುಳ್ಳಿ ಚೀಲಗಳ ಜೊತೆ ಬಂದವು.
ನನ್ನ ಜೆರಾಕ್ಸ್ ಅಂಗಡಿಯಲ್ಲಿ ಗಂಟು ಇಳಿಸಿದ ಹಮಾಲ ಮೌಲಪ್ಪ
'ಇಷ್ಟೆಲ್ಲ ನೀವೇ ಬರದೀರೇನ್ರಿ?' ಎಂದು
ಐದು ರೂಪಾಯಿ ಕಡಿಮೆ ತಗೊಂಡ.
ಅದೇ ಮೊದಲ ವಿಮರ್ಶೆ.

ಅಂದೇ ಒಂದು ವಹಿ ತೆರೆದೆ,
ಕಿರಾಣಿ ಅಂಗಡಿಯ ಉದ್ರಿ ವಹಿಯಂಥದು, ಕೆಂಪು ಬಟ್ಟೆಯ ರಟ್ಟು.
ಯಾರು ಕೊಂಡರು, ಯಾರು ಆಮೇಲೆ ಕೊಡ್ತೀನಿ ಅಂದರು,
ಓದಿ ಏನಂದರು.
ಮುದಗಲ್ಲಿನ ನರ್ಸ್ ಎಸ್ತೇರಮ್ಮ: ನಲವತ್ತನೇ ಪುಟದ ಹೆಂಗಸು
ಅಷ್ಟು ಲಗೂನ ಸಾಯಬಾರದಿತ್ತು.
ಕಂಡಕ್ಟರ್ ಬಸಲಿಂಗ: ಬಾಕಿ ಹತ್ತು.
ಚಿಲ್ಲರೆ ಇಲ್ಲ ಎಂದ, ಕಂಡಕ್ಟರೇ.
ತಾವರಗೇರಿಯ ಮಾಸ್ತರರು: ಹನ್ನೊಂದು ಕಾಗುಣಿತ ತಪ್ಪು,
ಕೊನೆಗೆ ಒಂದು ಆಶೀರ್ವಾದ, ಅದೂ ಕೆಂಪು ಶಾಯಿಯಲ್ಲಿ.

ಮೂರು ವರ್ಷಕ್ಕೆ ನೂರಾ ಹದಿನಾಲ್ಕು ಹೆಸರು.
ಉಳಿದವು ಮಂಚದ ಕೆಳಗೆ.
ಒರಲೆ ಹತ್ತದಂತೆ ಬೇವಿನ ಎಲೆ ತುರುಕುತ್ತ ನನ್ನಾಕೆ ಅಂದಳು:
'ಅದೇ ಜಾಗಾದಾಗ ಕೋಳಿ ಸಾಕಿದ್ರ
ತತ್ತಿಯಾದ್ರೂ ಇಡ್ತಿದ್ವು.'

ಒಂದು ಮಧ್ಯಾಹ್ನ ಹಟ್ಟಿಯಿಂದ ಒಬ್ಬ ಬಂದ.
ಗಣಿಯ ಲ್ಯಾಂಪ್ ರೂಮಿನವನು, ಖಾಜಾಹುಸೇನ.
ರೇಷನ್ ಕಾರ್ಡಿನ ಎರಡು ಜೆರಾಕ್ಸ್ ತೆಗೆಸಿ
ಚೀಲದಿಂದ ನನ್ನ ಪುಸ್ತಕ ಹೊರಗಿಟ್ಟ.
ರಟ್ಟು, ಹೆಸರಿನ ಹಾಳೆ ಎರಡೂ ಹೋಗಿದ್ದವು.
ಬೆನ್ನಿಗೆ ವಾಯರಿಗೆ ಸುತ್ತುವ ಕರಿ ಟೇಪು.
'ಇದನ್ನೂ ಒಂದು ತೆಗದು ಕೊಡ್ರಿ.
ಹರದದ. ಮಂದಿ ಬಿಡವಲ್ರು.'

ಹಿಂದಿನ ಖಾಲಿ ಹಾಳೆಯ ಮೇಲೆ,
ದೀಪ ಕೊಟ್ಟು ಬಿಲ್ಲೆ ಇಸ್ಕೊಳ್ಳುವ ಹಾಗೆಯೇ,
ಬಿಲ್ಲೆ ನಂಬರು, ತಾರೀಕು, ಪಾಳಿ.
ಅರವತ್ತೆರಡು ನಂಬರು. ಒಂದೂ ಹೆಸರಿಲ್ಲ.
ನನ್ನ ವಹಿಯಲ್ಲಿ ಹಟ್ಟಿಗೆ ಹೋದದ್ದು ಒಂದೇ ಪ್ರತಿ.

ಹೊಸವೇ ಇವೆ, ಮುನ್ನೂರಾ ಎಂಬತ್ತಾರು,
ನಾಲಗೆ ತುದಿಯ ತನಕ ಬಂತು.
ಅಷ್ಟರಲ್ಲಿ ಗಾಜಿನ ಮೇಲೆ ನಲವತ್ತನೇ ಪುಟ.
ಅಂಚಿನಲ್ಲಿ ಪೆನ್ಸಿಲ್, ಅಕ್ಷರ ಕಲಿಯುತ್ತಿರುವ ಕೈ:
ಈಕಿ ನಮ್ಮವ್ವನ ಹಂಗ ಅದಾಳ. ೨೧೭.

ಹೊಸದರಲ್ಲಿ ಇದು ಇರುವುದಿಲ್ಲವಲ್ಲ.
ಮುಚ್ಚಳ ಮುಚ್ಚಿದೆ. ಗುಂಡಿ ಒತ್ತಿದೆ.
ಪೆನ್ಸಿಲ್ ತೆಳುವಾಗಿ ಬಂತೆಂದು
ಕಪ್ಪು ಹೆಚ್ಚು ಮಾಡಿ ಇನ್ನೊಮ್ಮೆ ತೆಗೆದೆ.

'ಎಷ್ಟಾತ್ರಿ?'
ಹೇಳಿದೆ. ಐದು ರೂಪಾಯಿ ಕಡಿಮೆ ಹೇಳಿದೆ.
ಅವನು ಲೆಕ್ಕ ಹಾಕಿ, ತಪ್ಪಾಗಿದೆ ಎಂದು
ಐದರ ನಾಣ್ಯ ಕೌಂಟರಿನ ಮೇಲಿಟ್ಟು ಬಸ್ಸಿಗೆ ಓಡಿದ.

ರಾತ್ರಿ ಅಷ್ಟೂ ನಂಬರನ್ನು ವಹಿಗೆ ಇಳಿಸಿಕೊಂಡೆ,
೨೧೭ರ ಮುಂದೆ ಎರಡು ಗೆರೆ ಖಾಲಿ ಬಿಟ್ಟು.