ಇನ್ನೂರೈವತ್ತರ ಗೆರೆ

ಅವೆನಿದಾ ಅರ್ಜೆಂಟೀನಾದ ಭಾನುವಾರದ ಸಂತೆಯಲ್ಲಿ
ಹಳೆಯ ಇಸ್ತ್ರಿಪೆಟ್ಟಿಗೆ, ಒಂಟಿ ಬೂಟುಗಳ ನಡುವೆ
ಮಲಗಿತ್ತು ಇದು, ಮುಚ್ಚಳವಿಲ್ಲದೆ.
ಎಪ್ಪತ್ತರಿಂದ ಮುನ್ನೂರು. ಪ್ಲಾಸ್ಟಿಕ್ಕಿನ ಕೊರಳು.
ಒಳಗಾಜಿನಲ್ಲಿ ಧೂಳಿನ ಕಣವೊಂದು, ಜೀರಿಗೆಯಷ್ಟು.
‘ಅದು ಫೋಟೋದಲ್ಲಿ ಕಾಣಲ್ಲ, ಸೆನ್ಯೋರಾ’ ಅಂದ.
ನಲವತ್ತು ಸಾವಿರ ಪೆಸೊ ಅಂದವನನ್ನು
ಮೂವತ್ತೆರಡಕ್ಕೆ ಇಳಿಸಿದೆ.
ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆದು ಗಳಿಸಿದ್ದು;
ಎಷ್ಟು ಹಾಸಿಗೆಯದು ಎಂದು ಲೆಕ್ಕ ಹಾಕಲಿಲ್ಲ.

ಇದರ ಗುಣ ಹೇಳುತ್ತೇನೆ ಕೇಳಿ:
ಕೆಳಗೆ ಬಾಗಿಸಿದರೆ ತಾನಾಗಿ ಜಾರಿ ಉದ್ದವಾಗುತ್ತದೆ,
ಮೇವು ಕಂಡ ಕತ್ತೆಯ ಕತ್ತಿನ ಹಾಗೆ.
ಸಂಜೆಯಾದರೆ ಕಣ್ಣು ಮಂಜಾದ ಮುದುಕನಂತೆ
ಕರ್ ಕರ್ ಎಂದು ಹಿಂದೆ ಮುಂದೆ ತಡಕುತ್ತದೆ;
ಅಷ್ಟರಲ್ಲಿ ಹೆಜ್ಜಾರ್ಲೆ ಹಾರಿಹೋಗಿ
ಅದು ಕೂತಿದ್ದ ಕಂಬವೊಂದೇ ಉಳಿದಿರುತ್ತದೆ.
ಅಂಥ ಕಂಬಗಳು ನನ್ನ ಬಳಿ ನೂರಾರಿವೆ.
ಬಿಳಿ ದೋಣಿಯ ಅಂಚಿಗೆಲ್ಲ ನೇರಳೆ ದಾರ ಹೊಲಿಯುತ್ತದೆ,
ಯಾರೂ ಕೇಳದೆ.
ಆದರೂ ಬೈಯಲಾರೆ. ಅಗ್ಗದ್ದು ಅಗ್ಗದ ಹಾಗೇ ಇದೆ.

ಪ್ಲಾಯಾ ಆಂಚಾ ಗುಡ್ಡದ ಮೇಲೆ ನನ್ನ ತಗಡಿನ ಮನೆ.
ಬಟ್ಟೆ ಒಣಹಾಕುವ ಬಾಲ್ಕನಿಯಲ್ಲಿ ನಿಂತರೆ
ಕೆಳಗೆ ಮೆಂಬ್ರಿಯೊ, ಮೀನುದೋಣಿಗಳು,
ಹಗ್ಗದ ಸುರುಳಿಗಳ ನಡುವೆ ಚುಕ್ಕೆಯಷ್ಟು ಮನುಷ್ಯರು.
ಅದರಲ್ಲೊಂದು ಚುಕ್ಕೆ ನನ್ನ ತಮ್ಮ, ರೊಸಮೆಲ್.

ಒಂಬತ್ತು ವರ್ಷ ಮಾತಿಲ್ಲ.
ಅಮ್ಮನ ಹೊಲಿಗೆಯಂತ್ರ ಯಾರಿಗೆ ಎಂದು ಶುರುವಾಗಿ
ಎಲ್ಲೆಲ್ಲಿಗೋ ಹೋದ ಜಗಳ.
ಯಂತ್ರ ಈಗ ಯಾರ ಹತ್ತಿರವೂ ಇಲ್ಲ.

ಹಕ್ಕಿಗೆಂದೇ ಕೊಂಡೆ, ಆಣೆ ಮಾಡಬಲ್ಲೆ.
ಆದರೆ ಮೊನ್ನೆ, ಮಂಜು ಸರಿದ ಬೆಳಗ್ಗೆ
ಹೆಜ್ಜಾರ್ಲೆಯ ಹಿಂದೆ ಹೋದ ಕೊಳವೆ
ಅವನ ಬೆನ್ನ ಮೇಲೆ ಇಳಿಯಿತು.
ಬಲೆಗೆ ತೇಪೆ ಹಾಕುತ್ತಿದ್ದ.
ತಿರುಗಿಸಿದೆ, ಇನ್ನೂ ತಿರುಗಿಸಿದೆ,
ಮುನ್ನೂರಕ್ಕೆ ಟಕ್ ಎಂದು ತಾಗುವವರೆಗೆ.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ;
ಇದರಲ್ಲಿ ಹತ್ತಿರ ಎಳೆದ ತಮ್ಮನೂ ನುಣ್ಣಗೆ:
ಸುಕ್ಕಿಲ್ಲ, ಗಡ್ಡದಲ್ಲಿ ಬಿಳಿಯಿಲ್ಲ,
ಹತ್ತು ವರ್ಷದ ಹುಡುಗನ ಮುಖ, ಹಾಲಲ್ಲಿ ಅದ್ದಿದಂತೆ.
ಸುಳ್ಳು ಎಂದು ಗೊತ್ತಿದ್ದೂ ಸ್ವಲ್ಪ ಹೊತ್ತು ನೋಡಿದೆ.

ಆಮೇಲೆ ಹಿಂದಕ್ಕೆ ತಿರುಗಿಸಿದೆ, ಇನ್ನೂರೈವತ್ತಕ್ಕೆ.
ಅಲ್ಲಿಯವರೆಗೆ ಈ ಗಾಜು ನಿಜ ಹೇಳುತ್ತದೆ.
ಚೂರು ದೂರ ಸರಿದ; ಸರಿದು ಸ್ಪಷ್ಟವಾದ.
ಎಡಗೈಯ ಎರಡು ಬೆರಳಿಗೆ ಬ್ಯಾಂಡೇಜು.
ಬಲೆಯ ದಾರವನ್ನು ಹಲ್ಲಲ್ಲಿ ಕಡಿದ.
ಕತ್ತರಿ ಸಿಗದಾಗ ಅಮ್ಮ ಹಾಗೇ ಕಡಿಯುತ್ತಿದ್ದಳು,
ತಲೆ ಒಂದು ಕಡೆ ವಾಲಿಸಿ.

ಒತ್ತಿದೆ. ಕೈ ನಡುಗಿತು; ಈ ಬೆಲೆಗೆ
ನಡುಕ ತಡೆಯುವ ಗುಂಡಿ ಕೊಡುವುದಿಲ್ಲ.
ಹನ್ನೊಂದರಲ್ಲಿ ಒಂದು ಚಿತ್ರ ನಿಂತಿದೆ.
ಅದರಲ್ಲಿ ಅವನು ಕಣ್ಣಿಗೆ ಕೈ ಅಡ್ಡ ಹಿಡಿದು
ಗುಡ್ಡದ ಕಡೆ ನೋಡುತ್ತಿದ್ದಾನೆ.
ನನ್ನನ್ನೇ ಇರಲಿಕ್ಕಿಲ್ಲ. ಬಿಸಿಲಿಗೆ ಗಾಜು
ಮಿಂಚಿರಬಹುದು, ಅಷ್ಟೆ. ಅಲ್ಲಿಂದ ನಾನು
ಒಣಹಾಕಿದ ಬಟ್ಟೆಗಳಲ್ಲೊಂದು.

ಇವತ್ತು ಮೆಟ್ಟಿಲಿಳಿದು ಕೆಳಗೆ ಹೊರಟಿದ್ದೇನೆ.
ಲೆನ್ಸನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ
ಮನೆಯಲ್ಲೇ ಬಿಟ್ಟಿದ್ದೇನೆ.
ಒಂದೂವರೆ ಮೀಟರಿನೊಳಗೆ ಬಂದವರು
ಯಾರೂ ಅದಕ್ಕೆ ಕಾಣುವುದಿಲ್ಲ.

ಮೀನು ಬೇಕಿತ್ತು, ಅದಕ್ಕೇ.